ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ?

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು ನಾನು. ವ್ಯಾಯಾಮ ಶಿಕ್ಷಕರಿಲ್ಲದ ವರ್ಷಗಳಲ್ಲಿ ಆಟದ ಪಿರಿಯಡ್ಡೂ ನನ್ನ ಪಾಲಿಗೇ ಬರುತ್ತಿತ್ತು. 1983ರಲ್ಲಿ ಒಂಬತ್ತನೆಯ ತರಗತಿಯಲ್ಲಿ ಸ್ಥೂಲಕಾಯದ ಹುಡುಗನೊಬ್ಬನಿದ್ದ. ಅವನ ತಂದೆ ಒಂದು ದಿನ ಬಂದು, "ಮೇಷ್ಟ್ರೇ, ಇವನ ಮೈ ಸ್ವಲ್ಪ ಇಳಿಸಿಕೊಡಿ" ಎಂದು ಕೇಳಿಕೊಂಡರು. ಬೆವರು ಸುರಿದಷ್ಟೂ ಕೊಬ್ಬು ಕರಗುತ್ತದೆಂದು ದೃಢವಾಗಿ ನಂಬಿದ್ದ ನಾನು, ಅವನಿಗೆ ಉಣ್ಣೆಯ ಸ್ವೆಟರು ತೊಡಿಸಿ ಬಿಸಿಲಿನಲ್ಲಿ ಮೈದಾನ ಸುತ್ತಿಸಿದೆ. ಆರನೆಯ ಸುತ್ತಿಗೆ ಹುಡುಗ ಕುಸಿದು ಬಿದ್ದ. ನೀರು ಚಿಮುಕಿಸಿ, ಮಜ್ಜಿಗೆ ಕುಡಿಸಿ ಮನೆಗೆ ಕಳುಹಿಸಿದೆವು. ಅಂದಿನಿಂದ ಆಟದ ಪಿರಿಯಡ್ಡಿನಲ್ಲಿ ಅವನು ತರಗತಿಯಲ್ಲೇ ಕುಳಿತಿರುತ್ತಿದ್ದ. ನಾನೂ ಕರೆಯಲಿಲ್ಲ.

ಅದೇ ತಿಂಗಳು ಅದೇ ಮಕ್ಕಳಿಗೆ ಸುಣ್ಣದ ತಿಳಿನೀರಿನ ಪ್ರಯೋಗ ಮಾಡಿಸಿದ್ದೆ. ಕೊಳವೆಯಿಂದ ಊದಿದೊಡನೆ ತಿಳಿನೀರು ಹಾಲಿನಂತಾಗಿತ್ತು. ಉಸಿರಾಟವೆಂದರೆ ನಿಧಾನವಾದ ಉರಿಯುವಿಕೆ ಎಂದು ಲವಾಸಿಯೇ ಹದಿನೆಂಟನೆಯ ಶತಮಾನದಲ್ಲೇ ತೋರಿಸಿದ್ದನ್ನೂ ಹೇಳಿದ್ದೆ. ಉರಿಯುತ್ತಿರುವುದೇನು, ಹೊಗೆ ಹೋಗುವುದೆತ್ತ ಎಂದು ಮಾತ್ರ ಯೋಚಿಸಿರಲಿಲ್ಲ!

ಕೊಬ್ಬಿನಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕಗಳೇ. ದೇಹಕ್ಕೆ ಶಕ್ತಿ ಬೇಕಾದಾಗ ಅದು ಒಡೆದು, ಕೊಬ್ಬಿನಾಮ್ಲಗಳು ರಕ್ತಕ್ಕಿಳಿದು ಸ್ನಾಯುಗಳನ್ನು ಸೇರುತ್ತವೆ; ಅಲ್ಲಿನ ಮೈಟೋಕಾಂಡ್ರಿಯಗಳಲ್ಲಿ ಉಸಿರಿನ ಆಮ್ಲಜನಕದಿಂದ ಉರಿಯುತ್ತವೆ. ಹತ್ತು ಕಿಲೋ ಕೊಬ್ಬು ಹೀಗೆ ಉರಿದರೆ 8.4 ಕಿಲೋ ಇಂಗಾಲದ ಡೈ ಆಕ್ಸೈಡಾಗಿ ಉಸಿರಿನಲ್ಲಿ ಹೊರಟುಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ ಎಂದು ರೂಬೆನ್ ಮೀರ್‌ಮನ್ ಮತ್ತು ಆ್ಯಂಡ್ರೂ ಬ್ರೌನ್ 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಬೆವರು ಮೈಯನ್ನು ತಂಪಾಗಿಸುವ ಏರ್ಪಾಡು, ಅಷ್ಟೆ. ಬೆವರಿಳಿಸಿ ಕಳೆದುಕೊಂಡ ತೂಕ ಎರಡು ಚೊಂಬು ನೀರು ಕುಡಿದರೆ ಮರಳಿ ಬರುತ್ತದೆ.

ನಮ್ಮೂರಿನ ಬಚ್ಚಲೊಲೆಯನ್ನು ಕಂಡವರಿಗೆ ಮುಂದಿನದು ಸುಲಭವಾಗಿ ತಿಳಿದೀತು. ತೆಂಗಿನ ಸೋಗೆ ಭಗ್ಗನೆ ಉರಿದು ತೀರುತ್ತದೆ. ಕೊರಡು ರಾತ್ರಿಯಿಡೀ ಕನಲುತ್ತದೆ. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಇರುವ ಗ್ಲೈಕೋಜನ್ ಸೋಗೆಯಂತೆ. ಒಟ್ಟು ದಾಸ್ತಾನು ಕೆಲವು ನೂರು ಗ್ರಾಂ ಮಾತ್ರ. ಏದುಸಿರು ಬಿಡುತ್ತ ಓಡುವಾಗ ಹೆಚ್ಚು ಖರ್ಚಾಗುವುದು ಅದೇ. ಮಾತಾಡುತ್ತ ನಡೆಯುವಾಗ, ಮಲಗಿರುವಾಗ ಕೊಬ್ಬಿನ ಪಾಲು ಹೆಚ್ಚು. ಹಾಗಾದರೆ ಮಲಗಿಯೇ ಇರೋಣ ಎನ್ನುವ ಜಾಣರು ತರಗತಿಗೊಬ್ಬರು ಇದ್ದೇ ಇರುತ್ತಾರೆ. ಪಾಲು ದೊಡ್ಡದು ನಿಜ, ಆದರೆ ಒಟ್ಟು ಉರಿಯುವುದೇ ಅತ್ಯಲ್ಪವಯ್ಯಾ!

ನಿವೃತ್ತಿಯ ನಂತರ ನನಗೂ ಸಕ್ಕರೆ ಕಾಯಿಲೆ ಬಂದು, ಬೆಳಗಿನ ನಡಿಗೆ ಆರಂಭವಾಯಿತು. ಇದನ್ನೆಲ್ಲ ಓದಿ ತಿಳಿದದ್ದು ಆಮೇಲೆಯೇ.

ಕಳೆದ ವರ್ಷ ಮದುವೆಮನೆಯೊಂದರಲ್ಲಿ ಆ ಹುಡುಗ ಸಿಕ್ಕಿದ. ವಯಸ್ಸು ಐವತ್ತು ದಾಟಿದೆ, ಮೈ ಹಾಗೆಯೇ ಇದೆ. ಅಂದಿನದು ನನ್ನ ತಪ್ಪೆಂದು ಹೇಳಿದೆ, ಕಾರಣವನ್ನೂ ವಿವರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ವೆಟರು ನಮ್ಮಣ್ಣನದು ಸಾರ್. ಅವನು ಬೈದದ್ದೇ ನನಗೆ ಹೆಚ್ಚು ನೆನಪು" ಎಂದ. ಆಮೇಲೆ ಬಡಿಸುವವರನ್ನು ಕೂಗಿ ನನ್ನ ಎಲೆಗೆ ಎರಡು ಹೋಳಿಗೆ ಹಾಕಿಸಿದ. ಒಂದನ್ನು ತಿಂದೆ.