ಕಲ್ಲಿನ ದ್ವೀಪದ ಹಾಡುಹಕ್ಕಿ

ದ್ವೀಪವೆಂದೊಡನೆ ನೀರು ನೆನಪಾಗುವುದು ಸಹಜ. ಲಿಂಗಸುಗೂರು ತಾಲೂಕಿನ ಜಲದುರ್ಗವು ಆ ಅರ್ಥದ ದ್ವೀಪವೇ ಸರಿ. ಅಲ್ಲಿ ಕೋಟೆ ಕಟ್ಟಿದವರು ಕೃಷ್ಣೆಯ ನೀರನ್ನೇ ಕಂದಕವಾಗಿಸಿಕೊಂಡರು. ಸಿಂಧನೂರಿನಿಂದ ಮಸ್ಕಿಯತ್ತ ಸಾಗುವವರಿಗೆ ಇನ್ನೊಂದು ಬಗೆಯ ದ್ವೀಪ ಎದುರಾಗುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ನೀರುಂಡ ಭತ್ತದ ಗದ್ದೆಗಳು ಹಸುರು ಕಡಲಿನಂತೆ ಹರಡಿವೆ. ಅವುಗಳಾಚೆಗೆ, ಒಂದರ ಮೇಲೊಂದು ಬಂಡೆ ಪೇರಿಸಿಟ್ಟಂತಹ ಗುಡ್ಡಗಳು ಒಂಟಿಯಾಗಿ ತಲೆಯೆತ್ತಿ ನಿಂತಿವೆ.

ಇಂತಹ ಕಲ್ಲಿನ ದ್ವೀಪಗಳನ್ನೇ ನೆಚ್ಚಿ ಬಾಳುವ ಹಾಡುಹಕ್ಕಿಯೊಂದುಂಟು. ಹಳದಿ ಕೊರಳಿನ ಪಿಕಳಾರ. ಗೇಣುದ್ದದ ಬೂದು ಮೈ, ಹಳದಿ ಕೊರಳು, ಹಳದಿ ಛಾಯೆಯ ತಲೆ. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲು ಕಾಡನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇದರ ನೆಲೆಯಿಲ್ಲ. 1840ರ ದಶಕದಲ್ಲಿ ಜೆರ್ಡನ್ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಮಸ್ಕಿಯಿಂದ ತೆಂಕಣಕ್ಕೆ, ತುಂಗಭದ್ರೆಯ ಆಚೆಗಿರುವ ದರೋಜಿಯ ಗುಡ್ಡಗಳಲ್ಲಿಯೂ ದೂರದ ನಂದಿಬೆಟ್ಟದಲ್ಲಿಯೂ ಇದು ಕಾಣಸಿಗುತ್ತದೆ. ಊರ ಬೇಲಿಯಲ್ಲಿ ಕುಣಿಯುವ ಕೆಂಪು ಕಿಬ್ಬೊಟ್ಟೆಯ ಪಿಕಳಾರಕ್ಕೆ ತೋಟವಾದರೂ ಆಗುತ್ತದೆ, ಹಿತ್ತಿಲಾದರೂ ಆಗುತ್ತದೆ. ಅದರ ಈ ಬಂಧುವಿಗೆ ಹಾಗಲ್ಲ: ಬಂಡೆ ಬೇಕು, ಬಂಡೆಯ ಸಂದಿಯ ಪೊದೆ ಬೇಕು, ಪೊದೆಯ ಹಣ್ಣು ಬೇಕು. ಗುಡ್ಡವನ್ನು ಸಿಡಿಸಿ ಜಲ್ಲಿಯಾಗಿಸಿದಾಗ ಅದರ ಪಾಲಿಗೆ ಒಂದು ದ್ವೀಪವೇ ಮುಳುಗಿದಂತೆ. ಅಳಿವಿನಂಚಿನತ್ತ ಸರಿಯುತ್ತಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಅದರ ಹೆಸರು ಸೇರಿದೆ.

ಬಂಡೆಯ ಬೆಲೆ ಏನೆಂಬುದನ್ನು ಮಸ್ಕಿಗಿಂತ ಚೆನ್ನಾಗಿ ಹೇಳಬಲ್ಲ ಊರು ವಿರಳ. 1915ರಲ್ಲಿ ಚಿನ್ನದ ನಿಕ್ಷೇಪ ಅರಸಿ ಬಂದ ಬೀಡನ್ ಎಂಬ ಎಂಜಿನಿಯರನಿಗೆ ಇಲ್ಲಿ ದೊರೆತುದು ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನ. ದೇವಾನಾಂಪಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಅದರಲ್ಲಿದ್ದುದರಿಂದ, ಶಾಸನಗಳ ಆ ಅರಸನು ಯಾರೆಂಬ ಬಗ್ಗೆ ಸಂದೇಹ ಉಳಿಯಲಿಲ್ಲ. ಎರಡು ಸಾವಿರ ವರ್ಷಗಳಿಗೂ ಮಿಕ್ಕು ಒಂದು ಹೆಸರನ್ನು ಕಾಪಾಡಿದ್ದು ಕಲ್ಲು.

ಅದೇ ಅರಸನ ಐದನೆಯ ಸ್ತಂಭಶಾಸನ ಇಂದು ದೆಹಲಿಯಲ್ಲಿರುವ ಟೋಪ್ರಾ ಕಂಬದಲ್ಲಿದೆ. ಪಟ್ಟಾಭಿಷೇಕವಾಗಿ 26 ವರ್ಷ ತುಂಬಿದಾಗ ಕೊಲ್ಲಬಾರದೆಂದು ವಿಧಿಸಿದ ಜೀವಿಗಳ ಹೆಸರುಗಳು ಅದರಲ್ಲಿವೆ. ಗಿಳಿ, ಗೊರವಂಕ, ಚಕ್ರವಾಕ, ಹಂಸ ಇವೆಲ್ಲ ಓದುಗರಿಗೆ ಗುರುತಾಗುತ್ತವೆ. ಆದರೆ ನಂದೀಮುಖ, ಗೇಲಾಟ ಎಂಬವು ಯಾವ ಹಕ್ಕಿಗಳೆಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಹೆಸರು ಕಲ್ಲಿನಲ್ಲಿ ಉಳಿಯಿತು. ಹಕ್ಕಿ ಜನರ ನೆನಪಿನಿಂದ ಹಾರಿಹೋಯಿತು.

ಹಳದಿ ಕೊರಳಿನ ಪಿಕಳಾರಕ್ಕೂ ಆ ಗತಿ ಒದಗಬೇಕಿಲ್ಲ. ಅದು ಕೇಳುವುದು ಶಾಸನವನ್ನಲ್ಲ, ಗುಡ್ಡವನ್ನು ಇದ್ದಂತೆಯೇ ಬಿಡುವುದನ್ನು. ಗುಡ್ಡವೇ ಜಲ್ಲಿಯಾದ ಮೇಲೆ ಹಕ್ಕಿಯ ಹೆಸರನ್ನು ಕೆತ್ತಿಡೋಣವೆಂದರೂ ಕಲ್ಲು ಉಳಿದಿರದು.