ಮುಡಿಪಿನ ಡಬ್ಬಿ

ಶರಾವತಿಯ ಹಿನ್ನೀರಿನ ದಂಡೆಯಲ್ಲಿರುವ ಹೊನ್ನೆಮರಡಿನ ನಮ್ಮ ಸೋದರತ್ತೆಯವರ ಮನೆಗೆ ಹೋದಾಗಲೆಲ್ಲ, ದೇವರ ಕೋಣೆಯ ಗೂಡಿನಲ್ಲಿದ್ದ ಹಿತ್ತಾಳೆಯ ಕಾಣಿಕೆ ಡಬ್ಬಿಯ ಮೇಲೆ ನನ್ನ ದೃಷ್ಟಿ ನಿಲ್ಲುತ್ತಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ಕಣಿವೆಯ ಊರುಗಳು ಮುಳುಗಿದಾಗ ಹಳೆಯ ಮನೆಯಿಂದ ಹೊತ್ತು ತಂದ ಕೆಲವೇ ವಸ್ತುಗಳಲ್ಲಿ ಅದೂ ಒಂದು.

ಡಬ್ಬಿಯ ಅಂದವೇ ಅಂದ! ದುಂಡಗಿನ ಒಡಲು, ಮುಚ್ಚಳದ ಮೇಲೆ ಅರಳಿದ ತಾವರೆ, ಅದರ ನಡುವೆ ನಾಣ್ಯ ಹಾಕುವ ಸೀಳು. ಹಲವು ಕೈಗಳು ತಾಗಿ ಸೀಳಿನ ಅಂಚು ನುಣುಪಾಗಿತ್ತು. ಹುಣಿಸೆಹಣ್ಣು ಹಚ್ಚಿ ಉಜ್ಜುವುದನ್ನು ಬಿಟ್ಟು ಬಹುಕಾಲವಾದುದರಿಂದ ಲೋಹಕ್ಕೆ ಜೇನಿನ ಬಣ್ಣ ಬಂದಿತ್ತು.

“ಅಷ್ಟು ಇಷ್ಟವಿದ್ದರೆ ತೆಗೆದುಕೊಂಡು ಹೋಗು ಮಗಾ. ಆದರೆ ಅದರಲ್ಲಿರುವುದು ಹೊಂಬುಜದ ಅಮ್ಮನವರ ಮುಡಿಪು. ಮರೆಯಬೇಡ” ಎಂದು ಅತ್ತೆ ಕೀಲಿಕೈಯನ್ನೂ ಕೊಟ್ಟರು.

ನಾನು ಮರೆತೆ. ನಡುಮನೆಯ ಗಾಜಿನ ಕಪಾಟಿನಲ್ಲಿ ಅದನ್ನಿಟ್ಟು ಬಂದವರ ಮೆಚ್ಚುಗೆಯನ್ನು ಸವಿದೆ. ಒಮ್ಮೆ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ಅದನ್ನು ಕೈಗೆತ್ತಿಕೊಂಡು ಅಲುಗಿಸಿ, “ಒಳಗಿನ ನಾಣ್ಯಗಳ ಸಹಿತ ಕೊಡುವುದಾದರೆ ಹೆಚ್ಚಿನ ಬೆಲೆ ಬರುತ್ತದೆ” ಎಂದರು. ಆ ಸದ್ದು ನನ್ನನ್ನು ಎಚ್ಚರಿಸಿತು.

ಅಂದು ರಾತ್ರಿ ಕೀಲಿ ತೆಗೆದೆ. ಒಂದಾಣೆ, ಎರಡಾಣೆಗಳ ಜೊತೆಗೆ 1957ರಲ್ಲಿ ದಶಮಾಂಶ ಪದ್ಧತಿ ಬಂದ ಮೇಲಿನ ನಯಾ ಪೈಸೆಗಳೂ ಇದ್ದವು. ಇಪ್ಪತ್ತೈದು ಪೈಸೆ ಹಾಗೂ ಅದಕ್ಕಿಂತ ಕಡಿಮೆ ಮೌಲ್ಯದ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿದಿದೆ. ಯಾರದೋ ಜ್ವರಕ್ಕೆ, ಯಾರದೋ ಹೆರಿಗೆಗೆ ಹರಸಿಕೊಂಡು ಹಾಕಿದ ಹಣ, ಸಲ್ಲಬೇಕಾದಲ್ಲಿಗೆ ಸಲ್ಲದೆ ಸವಕಲಾಗಿತ್ತು. ದೇವದ್ರವ್ಯವನ್ನು ನಾನು ಅಲಂಕಾರದ ವಸ್ತುವಾಗಿಸಿದ್ದೆ.

ಈಗ ಆ ಮುಡಿಪಿನ ಬೆಲೆ ಎಷ್ಟು? ಅತ್ತೆಯವರನ್ನೇ ಕೇಳಿದೆ. “ಲೆಕ್ಕ ನಿನಗಿರಲಿ, ಹರಕೆ ಅವರದು. ಮೊದಲು ಮುಟ್ಟಿಸು” ಎಂದರು. ಹೊಂಬುಜಕ್ಕೆ ಹೋಗಿ, ಆ ನಾಣ್ಯಗಳನ್ನೂ ಅವುಗಳೊಡನೆ ನನ್ನ ಕೈಲಾದ ಹಣವನ್ನೂ ಪದ್ಮಾವತಿ ಅಮ್ಮನವರ ಸನ್ನಿಧಿಯಲ್ಲಿ ಅರ್ಪಿಸಿ ಬಂದೆ.

ಪರಿಗ್ರಹವು ವಸ್ತುವಿನಲ್ಲಿಲ್ಲ, ಅದರ ಮೇಲಣ ಮಮತೆಯಲ್ಲಿದೆ ಎಂದು ನಮ್ಮ ಆಚಾರ್ಯರು ತಿಳಿಸಿದ್ದಾರೆ. ಅಂದವನ್ನು ಮೆಚ್ಚುವುದು ದೋಷವಲ್ಲ; ಅಂದದ ಮರೆಯಲ್ಲಿ ಋಣವನ್ನು ಮರೆಯುವುದು ದೋಷ. ಡಬ್ಬಿ ಈಗ ನಮ್ಮ ದೇವರ ಕೋಣೆಯಲ್ಲಿದೆ. ಪ್ರತಿವರ್ಷ ದಶಲಕ್ಷಣ ಪರ್ವ ಮುಗಿದೊಡನೆ ಅದನ್ನು ಬರಿದು ಮಾಡಿ ಕಾಣಿಕೆಯನ್ನು ಬಸದಿಗೆ ಮುಟ್ಟಿಸುತ್ತೇವೆ. ಮೊಮ್ಮಗಳು ನಾಣ್ಯ ಹಾಕುವಾಗ ಆ ತಾವರೆ ನನಗೆ ಮೊದಲಿಗಿಂತಲೂ ಸುಂದರವಾಗಿ ಕಾಣುತ್ತದೆ.

ಓದುಗರ ಮನೆಯಲ್ಲಿಯೂ ಇಂತಹದೊಂದು ಡಬ್ಬಿ ಇರಬಹುದು. ಕಪಾಟಿನಲ್ಲಿಡುವ ಮುನ್ನ ಒಮ್ಮೆ ಅಲುಗಿಸಿ ನೋಡಿರಿ.