ಬಿಜ್ಜಳನು ನಾಯಕನೋ, ಖಳನೋ?

ಆಳಂದ, ಅಫಜಲಪುರ, ಜೇವರ್ಗಿಗಳ ಕಡೆ ಜಾತ್ರೆಯ ರಾತ್ರಿ ಶರಣರ ನಾಟಕವಾದರೆ, ಮೀಸೆ ತಿರುವುತ್ತ, ರಂಗ ನಡುಗುವಂತೆ ನಗುತ್ತ ಪ್ರವೇಶಿಸುವ ಬಿಜ್ಜಳನನ್ನು ಕಂಡೊಡನೆಯೇ ಪ್ರೇಕ್ಷಕರು ಖಳನೆಂದು ನಿರ್ಣಯಿಸಿಬಿಡುತ್ತಾರೆ. ನಿರ್ಣಯ ನಿರಾಧಾರವಲ್ಲ: ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದವನು, ಒಡೆಯನಾದ ಮೂರನೆಯ ತೈಲಪನ ದೌರ್ಬಲ್ಯವನ್ನರಿತು, 1162ರ ಹೊತ್ತಿಗೆ ಕಲ್ಯಾಣದ ಸಿಂಹಾಸನವನ್ನೇ ತನ್ನದಾಗಿಸಿಕೊಂಡನು; ಶರಣರಾದ ಹರಳಯ್ಯ-ಮಧುವರಸರ ಮರಣದಂಡನೆಯ ಕಳಂಕವೂ ಅವನ ಹೆಸರಿಗೇ ಅಂಟಿಕೊಂಡಿದೆ.

ಆದರೆ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವು ಇನ್ನೊಬ್ಬ ಬಿಜ್ಜಳನನ್ನು ತೋರಿಸುತ್ತದೆ. ಆಳಂದದಲ್ಲಿ ಜನಿಸಿದ ಏಕಾಂತದ ರಾಮಯ್ಯನು ಜೈನರೊಡನೆ ವಾದಕ್ಕಿಳಿದು ತನ್ನ ಶಿರಸ್ಸನ್ನೇ ಪಣವಾಗಿಟ್ಟನೆಂದೂ, ಕಡಿದ ತಲೆ ಏಳನೆಯ ದಿನ ಮರಳಿ ಕೂಡಿತೆಂದೂ, ಸೋತವರು ದೂರು ತಂದಾಗ ಬಿಜ್ಜಳನು ರಾಮಯ್ಯನನ್ನು ಕರೆಯಿಸಿ ವಿಚಾರಿಸಿ ಅವನಿಗೇ ಜಯಪತ್ರವನ್ನಿತ್ತನೆಂದೂ ಆ ಕಲ್ಲು ಹೇಳುತ್ತದೆ. ಪವಾಡವನ್ನು ನಂಬುವುದು ಬಿಡುವುದು ಅವರವರ ಇಚ್ಛೆ. ಶೈವರ ನೆನಪಿನಲ್ಲಿಯೇ ಅವನು ಒಮ್ಮೆ ನ್ಯಾಯ ಕೇಳಿದ ಅರಸನಾಗಿದ್ದನೆಂಬುದನ್ನು ಮಾತ್ರ ಅಲ್ಲಗಳೆಯಲಾಗದು. ಗಿರೀಶ ಕಾರ್ನಾಡರ ‘ತಲೆದಂಡ’ದಲ್ಲಿಯೂ ಮಗ ಸೋವಿದೇವನಿಂದಲೇ ಬಂಧಿತನಾಗುವ ಬಿಜ್ಜಳನು ಕೇವಲ ದುಷ್ಟನಲ್ಲ.

ನನಗನಿಸುವುದಿಷ್ಟು: ಮಹತ್ವಾಕಾಂಕ್ಷೆಯೊಂದೇ ಯಾರನ್ನೂ ಖಳನನ್ನಾಗಿಸದು. ಪರಂಪರೆಯನ್ನು ಮೀರಿ ಪಟ್ಟವೇರಿದ ಧೈರ್ಯವೇ ಬಸವಣ್ಣನಂಥವನಿಗೆ ಭಂಡಾರವನ್ನೊಪ್ಪಿಸುವ ಔದಾರ್ಯವಾಯಿತು. ಆ ಪಟ್ಟವನ್ನುಳಿಸಿಕೊಳ್ಳುವ ಭಯವೇ ಕ್ರೌರ್ಯವಾಯಿತು. ಖಳನು ಕಳೆದುಕೊಳ್ಳುವುದು ಅಧಿಕಾರವನ್ನು. ಬಿಜ್ಜಳನು ಅದಕ್ಕಿಂತ ಮೊದಲೇ ಬಸವಣ್ಣನ ಸ್ನೇಹವನ್ನು ಕಳೆದುಕೊಂಡನು. ಆದುದರಿಂದ, ಹರಳಯ್ಯನ ರಕ್ತದ ಹೊಣೆಯಿಂದ ಬಿಡಿಸದೆಯೇ, ನಾನವನನ್ನು ದುರಂತನಾಯಕನೆಂದು ಎಣಿಸುತ್ತೇನೆ.